ಬಟ್ಟೆಗೆ ಏಳು ಸಲ ನೀರು, ಗಾಯಕ್ಕೆ ಒಮ್ಮೆಯೂ ಇಲ್ಲ

ಕಳೆದ ಚಳಿಗಾಲದ ಒಂದು ಸಂಜೆ. ಮಗ್ರಿಬ್ ನಮಾಝ್ ಮುಗಿಸಿ ಕ್ಲಿನಿಕ್‌ನಲ್ಲಿ ಕುಳಿತಿದ್ದೆ. ಸುಲ್ತಾನ್‌ಪಾಳ್ಯದ ತಾಯಿಯೊಬ್ಬರು ತಮ್ಮ ಒಂಬತ್ತು ವರ್ಷದ ಮಗನನ್ನು ಕರೆದುಕೊಂಡು ಬಂದರು. ಹುಡುಗ ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದ. ಪೈಜಾಮ ಮೇಲೆತ್ತಿದಾಗ ಮೀನಖಂಡದಲ್ಲಿ ಹಲ್ಲು ನಾಟಿದ ನಾಲ್ಕು ಗುರುತುಗಳು ಕಂಡವು. ಅದರ ಮೇಲೆ ಅರಿಶಿನ ಮೆತ್ತಲಾಗಿತ್ತು.

"ಯಾವಾಗ ಕಚ್ಚಿತು ಬೇಟಾ?" ಎಂದು ಕೇಳಿದೆ. ಹುಡುಗ ಉತ್ತರಿಸುವ ಮೊದಲು ತಾಯಿಯ ಮುಖ ನೋಡಿದ. "ಮೊನ್ನೆ. ಮದ್ರಸಾದಿಂದ ಬರುವಾಗ" ಎಂದ.

ಮೂರು ದಿನ ಏಕೆ ಸುಮ್ಮನಿದ್ದನೆಂದು ತಾಯಿಯೇ ಹೇಳಿದರು. ಅಂದು ಮನೆಗೆ ಬಂದವನು ದಾದಿಯ ಬಳಿ "ನಾಯಿ ತಾಗಿತು" ಎಂದಷ್ಟೇ ಹೇಳಿದ್ದ. ನಾಯಿಯ ಹತ್ತಿರ ಯಾಕೆ ಹೋದೆ, ಕುರ್‌ಆನ್ ಹಿಡಿದುಕೊಂಡು ಬರುವವನಿಗೆ ಅಷ್ಟೂ ತಿಳಿಯದೇ ಎಂದು ದಾದಿ ಚೆನ್ನಾಗಿ ಬೈದರು. ಪೈಜಾಮವನ್ನು ಏಳು ಸಲ ನೀರಿನಲ್ಲಿ ತೊಳೆದರು. ಅದರಲ್ಲಿದ್ದ ಸಣ್ಣ ತೂತನ್ನು ಕಂಡು, ಎಲ್ಲೋ ಮೊಳೆಗೆ ಸಿಕ್ಕಿರಬೇಕೆಂದು ತಿಳಿದರು. ಬೈಗುಳ ಕೇಳಿದ ಮೇಲೆ ಕಚ್ಚಿದ ವಿಷಯ ಹೇಳಲು ಹುಡುಗನಿಗೆ ಧೈರ್ಯ ಬರಲಿಲ್ಲ. ಬಟ್ಟೆ ಪಾಕ್ ಆಯಿತು. ಗಾಯಕ್ಕೆ ಒಂದು ಹನಿ ಸಾಬೂನು ಬೀಳಲಿಲ್ಲ.

ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ನಲ್ಲಿಯ ನೀರಿನಡಿ ಸಾಬೂನಿನಿಂದ ಗಾಯ ತೊಳೆದೆ. ತಡವಾಗಿದ್ದರೂ ತೊಳೆಯಲೇಬೇಕು. ಆಮೇಲೆ ಚೀಟಿ ಬರೆದು, ಆಟೋ ಹಿಡಿದು ಈಗಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಎಂದೆ. ಆ ತಾಯಿ ಬಾಗಿಲ ಬಳಿ ನಿಂತು ಕೇಳಿದರು: "ಡಾಕ್ಟರ್ ಆಪಾ, ಯೂನಾನಿಯಲ್ಲಿ ಇದಕ್ಕೆ ಮದ್ದಿಲ್ಲವೇ? ಮಗು ಸೂಜಿಗೆ ಹೆದರುತ್ತಾನೆ."

ಇಲ್ಲ ಎಂದೆ. ಆ ಉತ್ತರವನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಹಕೀಮರು ಕಂಡ ರೋಗ, ಕಾಣದ ಮದ್ದು

ಐದೂವರೆ ವರ್ಷ ಬಿಯುಎಂಎಸ್ ಓದಿ, ಅದೇ ವಿದ್ಯೆಯಿಂದ ಅನ್ನ ತಿನ್ನುವವಳು ನಾನು. ನನ್ನ ಪದ್ಧತಿಯ ಮೇಲೆ ನನಗೆ ಗೌರವವಿದೆ. ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ತಮ್ಮ 'ಅಲ್ ಖಾನೂನ್' ಗ್ರಂಥದಲ್ಲಿ ಹುಚ್ಚುನಾಯಿಯ ಲಕ್ಷಣಗಳನ್ನೂ, ಅದು ಕಚ್ಚಿದ ಮನುಷ್ಯ ನೀರನ್ನು ಕಂಡರೆ ಹೆದರುವುದನ್ನೂ ವರ್ಣಿಸಿದ್ದಾರೆ. ಅಂಥ ಗಾಯ ಬೇಗ ಮುಚ್ಚಿಕೊಳ್ಳಲು ಬಿಡಬಾರದೆಂಬ ಸಲಹೆಯೂ ಅವರದ್ದು. ಇಂದಿನ ವೈದ್ಯರೂ ನಾಯಿ ಕಚ್ಚಿದ ಗಾಯಕ್ಕೆ ತಕ್ಷಣ ಹೊಲಿಗೆ ಹಾಕಲು ಹಿಂಜರಿಯುತ್ತಾರೆ.

ಆದರೆ ರೋಗವನ್ನು ಗುರುತಿಸಿದ ಹಕೀಮರ ಕೈಯಲ್ಲಿ ಅದನ್ನು ತಡೆಯುವ ಸಾಧನ ಇರಲಿಲ್ಲ. ಅದು ಸಿಕ್ಕಿದ್ದು 1885ರಲ್ಲಿ, ಲೂಯಿ ಪಾಶ್ಚರ್ ಪ್ಯಾರಿಸ್‌ನಲ್ಲಿ ನಾಯಿ ಕಚ್ಚಿದ ಬಾಲಕನೊಬ್ಬನಿಗೆ ಲಸಿಕೆ ಕೊಟ್ಟಾಗ. ಅವರು ತೀರಿಕೊಂಡ ಸೆಪ್ಟೆಂಬರ್ 28ನ್ನು ಇಂದು ಜಗತ್ತು ರೇಬಿಸ್ ದಿನವಾಗಿ ಆಚರಿಸುತ್ತದೆ. ರೇಬಿಸ್‌ನ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಯೂನಾನಿ, ಆಯುರ್ವೇದ, ಅಲೋಪತಿ ಯಾವುದರಿಂದಲೂ ರೋಗಿ ಉಳಿಯುವುದಿಲ್ಲ ಎನ್ನಬೇಕು. ಲಕ್ಷಣ ಕಾಣುವ ಮೊದಲು ಲಸಿಕೆ ಹಾಕಿಸಿದರೆ ಬಹುತೇಕ ಖಂಡಿತವಾಗಿ ಉಳಿಯುತ್ತಾನೆ. ಇಷ್ಟು ಸ್ಪಷ್ಟವಾದ ಗೆರೆ ವೈದ್ಯಶಾಸ್ತ್ರದಲ್ಲಿ ಅಪರೂಪ. ತಾವೀಝ್, ದಮ್ ಮಾಡಿದ ನೀರು, ಹಳ್ಳಿಯ ಬೇರು, ನನ್ನ ಮಾಜೂನ್, ಇವು ಯಾವುವೂ ಆ ಲಸಿಕೆಯ ಜಾಗ ತುಂಬಲಾರವು. ದುಆ ಮಾಡಿ. ಆದರೆ ಆಸ್ಪತ್ರೆಯ ದಾರಿಯಲ್ಲಿ ಮಾಡಿ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಮಂದಿ ರೇಬಿಸ್‌ನಿಂದ ಸಾಯುತ್ತಾರೆ. ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಭಾರತದ ಪಾಲು. ಸಾಯುವವರಲ್ಲಿ ಹತ್ತರಲ್ಲಿ ನಾಲ್ವರು 15 ವರ್ಷದೊಳಗಿನ ಮಕ್ಕಳು. ಮಕ್ಕಳು ಕುಳ್ಳಗಿರುತ್ತಾರೆ, ಓಡುತ್ತಾರೆ, ಮತ್ತು ಹೇಳುವುದಿಲ್ಲ. ಈ ಮೂರನೆಯ ಕಾರಣ ನಮ್ಮ ಮನೆಗಳಲ್ಲಿ ಇನ್ನಷ್ಟು ಬಲವಾಗಿದೆ ಎಂಬುದೇ ನನ್ನ ಚಿಂತೆ. ಬೇರೆ ಮನೆಯ ಮಗು ಸೂಜಿಯ ಭಯದಿಂದ ಸುಮ್ಮನಿರುತ್ತದೆ. ನಮ್ಮ ಮಗು ಅದರ ಜೊತೆಗೆ 'ನಾಪಾಕ್ ಆದೆ' ಎಂಬ ಬೈಗುಳದ ಭಯವನ್ನೂ ಹೊತ್ತಿರುತ್ತದೆ.

ನಜಸ್ ಎಂದರೆ ತೊಳೆಯುವುದು, ದ್ವೇಷಿಸುವುದಲ್ಲ

ನಾನು ಆಲಿಮಾ ಅಲ್ಲ. ಫತ್ವಾ ಕೊಡುವುದು ನನ್ನ ಕೆಲಸವಲ್ಲ. ಆದರೆ ನಾಯಿಯ ವಿಷಯದಲ್ಲಿ ನಾವು ದೀನ್‌ನ ಅರ್ಧವನ್ನು ಮಾತ್ರ ನೆನಪಿಟ್ಟುಕೊಂಡಿದ್ದೇವೆ ಎಂದು ಅನಿಸುತ್ತದೆ.

ನಾಯಿ ಬಾಯಿ ಹಾಕಿದ ಪಾತ್ರೆಯನ್ನು ಏಳು ಸಲ, ಅದರಲ್ಲಿ ಮೊದಲ ಸಲ ಮಣ್ಣಿನಿಂದ ತೊಳೆಯಲು ಪ್ರವಾದಿ(ಸ)ರು ಕಲಿಸಿದರು. ನಾಯಿ ಇರುವ ಮನೆಗೆ ರಹ್ಮತ್‌ನ ಮಲಕ್‌ಗಳು ಬರುವುದಿಲ್ಲವೆಂದರು. ಬೇಟೆ, ಹೊಲ, ಜಾನುವಾರುಗಳ ಕಾವಲು, ಇಂಥ ಅಗತ್ಯವಿಲ್ಲದೆ ನಾಯಿ ಸಾಕಿದರೆ ದಿನವೂ ಪುಣ್ಯ ಕಡಿಮೆಯಾಗುತ್ತದೆಂದರು. ಇದು ನಮ್ಮ ಎಲ್ಲ ಮಕ್ಕಳಿಗೂ ಗೊತ್ತು.

ಬಾಯಾರಿ ನಾಲಿಗೆ ಚಾಚಿ ಒದ್ದೆ ಮಣ್ಣು ನೆಕ್ಕುತ್ತಿದ್ದ ನಾಯಿಗಾಗಿ ಬಾವಿಗಿಳಿದು, ತನ್ನ ಪಾದರಕ್ಷೆಯಲ್ಲಿ ನೀರು ತುಂಬಿ ತಂದ ಮನುಷ್ಯನ ಪಾಪಗಳನ್ನು ಅಲ್ಲಾಹನು ಕ್ಷಮಿಸಿದನೆಂದೂ ಅದೇ ಪ್ರವಾದಿ(ಸ)ರು ಹೇಳಿದರು. ಜೀವವಿರುವ ಪ್ರತಿಯೊಂದರ ಸೇವೆಗೂ ಪ್ರತಿಫಲವಿದೆ ಎಂದು ಸಹಾಬಿಗಳಿಗೆ ತಿಳಿಸಿದ್ದು ಆ ಸಂದರ್ಭದಲ್ಲೇ. ಸೂರಃ ಅಲ್ ಕಹ್ಫ್ ಅನ್ನು ನಾವು ಪ್ರತಿ ಶುಕ್ರವಾರ ಓದುತ್ತೇವೆ. ಗುಹೆಯಲ್ಲಿ ನಿದ್ರಿಸಿದ ಆ ಯುವಕರ ಜೊತೆ ಹೊಸ್ತಿಲಲ್ಲಿ ಮುಂಗಾಲು ಚಾಚಿ ಮಲಗಿದ್ದ ನಾಯಿಯನ್ನು ಅಲ್ಲಾಹನು ಅವರ ಎಣಿಕೆಯೊಂದಿಗೇ ಪ್ರಸ್ತಾಪಿಸಿದ್ದಾನೆ. ತರಬೇತಿ ಪಡೆದ ನಾಯಿ ಹಿಡಿದು ತಂದ ಬೇಟೆ ಹಲಾಲ್ ಎಂದು ಸೂರಃ ಅಲ್ ಮಾಇದಃದಲ್ಲಿದೆ. ಇದನ್ನು ಎಷ್ಟು ಮಕ್ಕಳಿಗೆ ಹೇಳಿದ್ದೇವೆ?

ಫಿಕ್ಹ್‌ನಲ್ಲೂ ನಾವು ಊಹಿಸಿರುವಷ್ಟು ಬಿಗಿ ಇಲ್ಲ. ಬೆಂಗಳೂರಿನ ಹೆಚ್ಚಿನವರು ಅನುಸರಿಸುವ ಹನಫಿ ಮದ್ಹಬ್‌ನಲ್ಲಿ ನಾಯಿಯ ಜೊಲ್ಲು ನಜಸ್. ಅದರ ಒಣ ಮೈ ತಾಗಿದ ಮಾತ್ರಕ್ಕೆ ಬಟ್ಟೆ ಅಶುದ್ಧವಾಗುವುದಿಲ್ಲ. ಕರಾವಳಿಯಿಂದ ಬಂದು ಇಲ್ಲಿ ನೆಲೆಸಿದ ಶಾಫಿಈ ಕುಟುಂಬಗಳಿಗೆ ನಿಯಮ ಕಟ್ಟುನಿಟ್ಟು. ಅಲ್ಲೂ ಒಣ ಮೈ ಒಣ ಬಟ್ಟೆಗೆ ತಾಗಿದರೆ ನಜಸ್ ಅಂಟುವುದಿಲ್ಲ. ಮಾಲಿಕಿಗಳು ಜೀವಂತ ನಾಯಿಯನ್ನು ಶುದ್ಧವೆಂದೇ ಎಣಿಸುತ್ತಾರೆ. ನಿಮ್ಮ ಮಸೀದಿಯ ಹಝ್ರತ್‌ರನ್ನು ಕೇಳಿ ತಿಳಿದುಕೊಳ್ಳಿ. ಯಾವ ಮದ್ಹಬ್‌ನಲ್ಲೂ ನಜಸ್ ಎಂಬುದು ನೀರಿನಿಂದ ಮುಗಿದುಹೋಗುವ ವಿಷಯ. ಅದು ಮಗುವಿನ ತಪ್ಪಲ್ಲ, ನಾಯಿಯ ತಪ್ಪೂ ಅಲ್ಲ.

ಇನ್ನೊಂದು ಮಾತು. ಏಳು ಸಲ ತೊಳೆಯುವ ಹದೀಸ್ ಪಾತ್ರೆಯ ಶುದ್ಧಿಗೆ ಸಂಬಂಧಿಸಿದ್ದು. ಅದನ್ನು ಗಾಯಕ್ಕೆ ಅನ್ವಯಿಸಿ ಯಾರೂ ಗಾಯಕ್ಕೆ ಮಣ್ಣು ಹಚ್ಚಬೇಡಿ. ಗಾಯಕ್ಕೆ ಬೇಕಾದದ್ದು ಸಾಬೂನು, ಹರಿಯುವ ನೀರು ಮತ್ತು ಹದಿನೈದು ನಿಮಿಷ.

ಅಬ್ಬಾ ಮತ್ತು ಭೂರಾ

ನಾಯಿಯನ್ನು ಮನೆಯೊಳಗೆ ಬಿಡದವರೂ ನಾಯಿಯ ಜೊತೆ ಬಾಳಬಹುದು ಎಂಬುದನ್ನು ನಾನು ಕಲಿತದ್ದು ನನ್ನ ಅಬ್ಬಾರಿಂದ. ಆರ್.ಟಿ. ನಗರದ ನಮ್ಮ ಗಲ್ಲಿಯಲ್ಲಿ ಕಂದು ಬಣ್ಣದ ನಾಯಿಯೊಂದಿತ್ತು. ಎಲ್ಲರೂ ಭೂರಾ ಎನ್ನುತ್ತಿದ್ದರು. ಫಜ್ರ್‌ಗೆ ಅಬ್ಬಾ ಗೇಟು ತೆಗೆದ ಸದ್ದಾದರೆ ಎದ್ದು, ಹತ್ತು ಹೆಜ್ಜೆ ಹಿಂದೆ ನಡೆದು ಮಸೀದಿಯ ಎದುರಿನ ಟ್ರಾನ್ಸ್‌ಫಾರ್ಮರ್ ಬಳಿ ಕೂರುತ್ತಿತ್ತು. ನಮಾಝ್ ಮುಗಿದ ಮೇಲೆ ಅದೇ ಹತ್ತು ಹೆಜ್ಜೆ ಅಂತರದಲ್ಲಿ ವಾಪಸು ಬರುತ್ತಿತ್ತು. ಕತ್ತಲಲ್ಲಿ ಬೇರೆ ಗಲ್ಲಿಯ ನಾಯಿಗಳು ಅಬ್ಬಾರ ಹತ್ತಿರ ಸುಳಿಯುತ್ತಿರಲಿಲ್ಲ. ಅಬ್ಬಾ ಅದನ್ನು ಒಮ್ಮೆಯೂ ಮುಟ್ಟಲಿಲ್ಲ. ಗೇಟಿನ ಹೊರಗೆ ಮಣ್ಣಿನ ಬೋಗುಣಿಯಲ್ಲಿ ನೀರಿಡುವುದನ್ನು ಒಂದು ದಿನವೂ ಮರೆಯಲಿಲ್ಲ. ಉಳಿದ ರೊಟ್ಟಿ ಭೂರಾನದ್ದು. ರಮಝಾನ್‌ನಲ್ಲಿ ಸಹ್ರಿಯ ಪಾಲೂ ಇತ್ತು.

ಪಾಲಿಕೆಯವರು ಒಮ್ಮೆ ವ್ಯಾನಿನಲ್ಲಿ ಹಿಡಿದುಕೊಂಡು ಹೋದಾಗ ಅಬ್ಬಾ ಊಟವನ್ನು ಸರಿಯಾಗಿ ಮಾಡಲಿಲ್ಲ. ಕೆಲವು ದಿನಗಳ ಬಳಿಕ ಕಿವಿಯ ತುದಿ ಕತ್ತರಿಸಿದ ಗುರುತಿನೊಂದಿಗೆ ಭೂರಾ ಅದೇ ಜಾಗಕ್ಕೆ ಮರಳಿತು. ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿ, ಲಸಿಕೆ ಹಾಕಿದ ನಾಯಿಯ ಗುರುತು ಅದು. ಆಮೇಲೆ ಅದರ ಜಗಳಗಂಟತನವೂ ಕಡಿಮೆಯಾಯಿತು.

ಒಂದು ಮಳೆಗಾಲದ ರಾತ್ರಿ ನೀರಿನ ಟ್ಯಾಂಕರ್ ಅಡಿಗೆ ಸಿಕ್ಕಿತು. ಅಬ್ಬಾ ಗಲ್ಲಿಯ ಇಬ್ಬರು ಹುಡುಗರನ್ನು ಕರೆದು, ಖಾಲಿ ಸೈಟಿನಲ್ಲಿ ಗುಂಡಿ ತೋಡಿಸಿ ಹೂಳಿಸಿದರು. "ನಾಯಿಗೆ ಇಷ್ಟೆಲ್ಲ ಬೇಕಾ ಭಾಯಿ?" ಎಂದು ಪಕ್ಕದ ಮನೆಯವರು ಕೇಳಿದರು. "ಕಸದ ಗಾಡಿಗೆ ಹಾಕಲು ಮನಸ್ಸು ಬರಲಿಲ್ಲ" ಎಂದಷ್ಟೇ ಅಬ್ಬಾ ಹೇಳಿದರು. ಮರುದಿನ ಫಜ್ರ್‌ಗೆ ಹೋಗುವಾಗ ಅವರು ಎರಡು ಸಲ ಹಿಂದೆ ತಿರುಗಿ ನೋಡಿದ್ದನ್ನು ನಾನು ಮಹಡಿಯಿಂದ ಕಂಡೆ. ಬೋಗುಣಿ ಈಗಲೂ ಅಲ್ಲಿದೆ. ಬೇರೆ ನಾಯಿ ಕುಡಿಯುತ್ತದೆ.

ಭೂರಾನಂಥ ನಾಯಿ ಒಂದು ಬೀದಿಗೆ ಸಮಸ್ಯೆಯಲ್ಲ. ಹೊಟ್ಟೆಗಿದೆ, ಲಸಿಕೆಯಾಗಿದೆ, ಜನರ ಪರಿಚಯವಿದೆ. ಸುಲ್ತಾನ್‌ಪಾಳ್ಯದ ಹುಡುಗನನ್ನು ಕಚ್ಚಿದ್ದು ಕಸದ ರಾಶಿಯ ಬಳಿ ಗುಂಪುಗೂಡಿದ್ದ, ಯಾರಿಗೂ ಸೇರದ ನಾಯಿಗಳಲ್ಲಿ ಒಂದು.

ಗುಂಪನ್ನು ಕರೆಯುವವರು ನಾವೇ

ಈ ಭಯ ಸುಳ್ಳಲ್ಲ. 2007ರ ಆರಂಭದಲ್ಲಿ ಬೆಂಗಳೂರಿನಲ್ಲಿ ಕೆಲವೇ ವಾರಗಳ ಅಂತರದಲ್ಲಿ ಇಬ್ಬರು ಪುಟ್ಟ ಮಕ್ಕಳು ಬೀದಿನಾಯಿಗಳ ದಾಳಿಗೆ ಬಲಿಯಾದರು. 2024ರ ಆಗಸ್ಟ್‌ನಲ್ಲಿ ಜಾಲಹಳ್ಳಿಯ ವಾಯುಪಡೆ ವಸತಿ ಪ್ರದೇಶದಲ್ಲಿ ಬೆಳಗಿನ ನಡಿಗೆಗೆ ಹೋದ ವೃದ್ಧೆಯೊಬ್ಬರು, 2025ರ ಜುಲೈಯಲ್ಲಿ ಕೊಡಿಗೇಹಳ್ಳಿಯಲ್ಲಿ ವೃದ್ಧರೊಬ್ಬರು ಹೀಗೆಯೇ ಪ್ರಾಣ ಕಳೆದುಕೊಂಡರು. ಇವೆರಡೂ ನಮ್ಮ ಉತ್ತರ ಬೆಂಗಳೂರಿನವೇ. 2023ರ ಗಣತಿಯಂತೆ ಆಗಿನ ಬಿಬಿಎಂಪಿ ವ್ಯಾಪ್ತಿಯಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳಿದ್ದವು. 2019ರಲ್ಲಿ ಈ ಸಂಖ್ಯೆ ಸುಮಾರು 3.10 ಲಕ್ಷವಿತ್ತು. ಕಡಿಮೆಯಾಗಿದೆ, ಸಾಕಾಗಿಲ್ಲ.

ಪಾಲಿಕೆಯನ್ನು ಬೈಯುವ ಮೊದಲು ನಮ್ಮ ಬೀದಿಯ ತುದಿಯ ಬ್ಲ್ಯಾಕ್ ಸ್ಪಾಟ್ ನೋಡೋಣ. ರಾತ್ರಿ ಕಟ್ಟಿ ಎಸೆದ ಕೋಳಿ ಅಂಗಡಿಯ ಚೀಲ, ಶಾದಿ ಮಹಲಿನ ಹಿಂದೆ ಸುರಿದ ಬಿರಿಯಾನಿ ಎಲುಬು, ಮನೆಮನೆಯಿಂದ ಬಿದ್ದ ಕವರ್‌ಗಳು. ಹೆಬ್ಬಾಳ, ಯಶವಂತಪುರ, ಯಲಹಂಕ ಎಲ್ಲಿ ನೋಡಿದರೂ ನಾಯಿಗಳ ಗುಂಪು ನಿಂತಿರುವುದು ಇಂಥ ಜಾಗದಲ್ಲೇ. ಆಹಾರ ಸಿಗುವಲ್ಲಿ ಮರಿಗಳು ಬದುಕುತ್ತವೆ, ಬದುಕಿದವು ಜಾಗಕ್ಕಾಗಿ ಕಾದಾಡುತ್ತವೆ.

ಯಲಹಂಕದವರಿಗೆ ಇದರ ಇನ್ನೊಂದು ಮುಖ ಗೊತ್ತು. ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ಬಂದಾಗ ವಾಯುನೆಲೆಯ ಸುತ್ತ ಮಾಂಸದ ಅಂಗಡಿಗಳನ್ನು ಮುಚ್ಚಿಸುತ್ತಾರೆ. 2025ರಲ್ಲಿ 13 ಕಿಲೋಮೀಟರ್ ವ್ಯಾಪ್ತಿಯಲ್ಲಿ ಮೂರು ವಾರಕ್ಕೂ ಹೆಚ್ಚು ಕಾಲ ನಿಷೇಧವಿತ್ತು. ಬೀದಿಗೆ ಬಿದ್ದ ಮಾಂಸದ ತ್ಯಾಜ್ಯಕ್ಕೆ ಹದ್ದುಗಳು ಬರುತ್ತವೆ, ವಿಮಾನಕ್ಕೆ ಬಡಿಯುತ್ತವೆ ಎಂಬುದು ಕಾರಣ. ದಿನದ ಸಂಪಾದನೆಯ ಮೇಲೆ ಬದುಕುವ ಅಂಗಡಿಯವರಿಗೆ ಅದು ಕಷ್ಟದ ಕಾಲ. ಅವರ ನೋವು ನ್ಯಾಯವಾದದ್ದು. ಆದರೆ ವಿಮಾನಗಳಿಗಾಗಿ ಮೂರು ವಾರ ನಿಲ್ಲಿಸಬಹುದಾದ ತ್ಯಾಜ್ಯವನ್ನು ಮಕ್ಕಳಿಗಾಗಿ ವರ್ಷವಿಡೀ ಸರಿಯಾಗಿ ವಿಲೇವಾರಿ ಮಾಡಲು ನಮಗೇಕೆ ಆಗಬಾರದು? ಅಂಗಡಿಯವರೇ ಒಟ್ಟಾಗಿ ತ್ಯಾಜ್ಯವನ್ನು ಮುಚ್ಚಿದ ಡ್ರಮ್ಮಿನಲ್ಲಿಟ್ಟು ಪಾಲಿಕೆಯ ಗಾಡಿಗೆ ಕೊಟ್ಟರೆ ನಾಯಿಯ ಗುಂಪೂ ಕರಗುತ್ತದೆ, ಸಮುದಾಯದ ಮೇಲಿನ ದೂರೂ ಕರಗುತ್ತದೆ.

ಬಕ್ರೀದ್‌ನ ಒಂದು ತಪ್ಪು

ಖುರ್ಬಾನಿಯ ದಿನ ಆಡಿನ, ಕುರಿಯ ಲಿವರ್ ಅಥವಾ ಶ್ವಾಸಕೋಶದಲ್ಲಿ ಕೆಲವೊಮ್ಮೆ ನೀರು ತುಂಬಿದ ಬಿಳಿ ಗುಳ್ಳೆ ಕಾಣುತ್ತದೆ. ಕಸಾಯಿ ಅದನ್ನು ಕತ್ತರಿಸಿ ಎಸೆಯುತ್ತಾನೆ, ನಾಯಿ ತಿನ್ನುತ್ತದೆ. ಹಸಿದ ನಾಯಿಗೆ ಕೊಟ್ಟೆವೆಂದು ನಮಗೆ ಸಮಾಧಾನ.

ಆ ಗುಳ್ಳೆಯಲ್ಲಿರುವುದು ಒಂದು ಬಗೆಯ ಲಾಡಿಹುಳುವಿನ ಮರಿಗಳಾಗಿರಬಹುದು. ಅವು ನಾಯಿಯ ಕರುಳಿನಲ್ಲಿ ಬೆಳೆದು, ಮೊಟ್ಟೆಗಳು ಅದರ ಮಲದ ಮೂಲಕ ಮಣ್ಣಿಗೆ, ಸೊಪ್ಪಿಗೆ, ಮಕ್ಕಳ ಕೈಗೆ ಸೇರುತ್ತವೆ. ಹೊಟ್ಟೆಗೆ ಹೋದರೆ ಮನುಷ್ಯನ ಲಿವರ್‌ನಲ್ಲೂ ಶ್ವಾಸಕೋಶದಲ್ಲೂ ಅದೇ ಗುಳ್ಳೆ ವರ್ಷಾನುಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಇದನ್ನು ಹೈಡಾಟಿಡ್ ರೋಗ ಎನ್ನುತ್ತಾರೆ. ಒಳಗೇ ಒಡೆದರೆ ಜೀವಕ್ಕೆ ಅಪಾಯ. ಹಲವರಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಆದ್ದರಿಂದ ಗುಳ್ಳೆಯಿರುವ ಭಾಗವನ್ನು ನಾಯಿಗೆ ಹಾಕಬೇಡಿ, ಬಯಲಿಗೂ ಎಸೆಯಬೇಡಿ. ನಾಯಿ ಅಗೆಯಲಾರದಷ್ಟು ಆಳದಲ್ಲಿ ಹೂಳಿ, ಇಲ್ಲವೇ ಬಿಗಿಯಾಗಿ ಕಟ್ಟಿ ಪಾಲಿಕೆಯ ಗಾಡಿಗೆ ಕೊಡಿ. ನಾಯಿಗೆ ಕೊಡುವುದಾದರೆ ಒಳ್ಳೆಯ ಭಾಗವನ್ನೇ ಚೆನ್ನಾಗಿ ಬೇಯಿಸಿ ಕೊಡಿ. ಸದಖಾಕ್ಕೂ ಒಂದು ಮರ್ಯಾದೆ ಇದೆ.

ಚಂದಕ್ಕೆ ತಂದ ಮರಿ

ಇತ್ತೀಚೆಗೆ ಅಪಾರ್ಟ್‌ಮೆಂಟುಗಳಲ್ಲಿರುವ ನಮ್ಮ ಕೆಲವು ಯುವಕರು ವಿದೇಶಿ ತಳಿಯ ಮರಿ ತರುತ್ತಿದ್ದಾರೆ. ಒಂದು ವರ್ಷ ಫೋಟೋ, ರೀಲ್. ಆಮೇಲೆ ಕೂದಲು ಉದುರುತ್ತದೆ, ಡಾಕ್ಟರ ಖರ್ಚು ಏರುತ್ತದೆ, ಅಮ್ಮಿ ನಮಾಝ್‌ಗೆ ಜಾಗವಿಲ್ಲವೆಂದು ಬೇಸರಿಸುತ್ತಾರೆ. ಒಂದು ರಾತ್ರಿ ಕಾರಿನಲ್ಲಿ ಒಯ್ದು ದೂರದ ಲೇಔಟ್‌ನಲ್ಲಿ ಬಿಟ್ಟು ಬರುತ್ತಾರೆ. ಸೋಫಾದ ಮೇಲೆ ಮಲಗಿದ ನಾಯಿಗೆ ಬೀದಿಯಲ್ಲಿ ಬದುಕಲು ಬರುವುದಿಲ್ಲ. ಅಗತ್ಯವಿಲ್ಲದೆ ಸಾಕಬೇಡಿ ಎಂಬ ಹದೀಸ್ ನಮ್ಮನ್ನಷ್ಟೇ ಅಲ್ಲ, ಆ ಮೂಕಪ್ರಾಣಿಯನ್ನೂ ಕಾಪಾಡುತ್ತದೆ ಎಂದು ನನಗೆ ತೋರುತ್ತದೆ. ತೋಟಕ್ಕೆ, ಗೋದಾಮಿಗೆ ಕಾವಲು ನಾಯಿ ಬೇಕಿದ್ದರೆ ಇಟ್ಟುಕೊಳ್ಳಿ. ಅದಕ್ಕೆ ನೆರಳು, ನೀರು, ವರ್ಷಕ್ಕೊಮ್ಮೆ ರೇಬಿಸ್ ಲಸಿಕೆ, ಹುಳುವಿನ ಔಷಧಿ ಕೊಡುವುದು ನಿಮ್ಮ ಅಮಾನತ್.

ಬೀದಿನಾಯಿಗಳನ್ನು ಎಲ್ಲಿಗಾದರೂ ಸಾಗಿಸಿಬಿಡಿ ಎನ್ನುವವರೂ ಇದ್ದಾರೆ. 1910ರಲ್ಲಿ ಇಸ್ತಾಂಬುಲ್‌ನ ಆಡಳಿತ ತನ್ನ ನಾಯಿಗಳನ್ನು ನೀರಿಲ್ಲದ ದ್ವೀಪವೊಂದಕ್ಕೆ ಸಾಗಿಸಿ ಸಾಯಲು ಬಿಟ್ಟಿತು. ಆ ಊರಿನವರು ಇಂದಿಗೂ ಅದನ್ನು ನಾಚಿಕೆಯಿಂದ ನೆನೆಯುತ್ತಾರೆ. ಬೀದಿಯಲ್ಲಿ ನಾಯಿಗಳು ಮತ್ತೆ ತುಂಬಿಕೊಂಡವು. ನಮ್ಮ ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ, ರೇಬಿಸ್ ಇರುವ ಮತ್ತು ಆಕ್ರಮಣಕಾರಿಯಾದ ನಾಯಿಗಳನ್ನು ಬಿಟ್ಟು ಉಳಿದವನ್ನು ಶಸ್ತ್ರಚಿಕಿತ್ಸೆ, ಲಸಿಕೆಯ ಬಳಿಕ ಅದೇ ಜಾಗಕ್ಕೆ ಮರಳಿಸಬೇಕೆಂದೂ, ಆಹಾರ ಹಾಕಲು ನಿಗದಿತ ಜಾಗ ಗುರುತಿಸಬೇಕೆಂದೂ ಹೇಳಿತ್ತು. ಭೂರಾನ ವಿಷಯದಲ್ಲಿ ನಾನು ಕಂಡದ್ದೂ ಅದೇ ದಾರಿ.

ಮನೆಯಲ್ಲಿ ಇಂದೇ ಹೇಳಿ

ಮೊದಲು ಮಕ್ಕಳಿಗೆ: "ನಾಯಿ ಕಚ್ಚಿದರೆ, ಪರಚಿದರೆ, ಗಾಯ ನೆಕ್ಕಿದರೆ ಆಗಲೇ ಬಂದು ಹೇಳು. ಯಾರೂ ಬೈಯುವುದಿಲ್ಲ." ಈ ಮಾತನ್ನು ದಾದಿ, ನಾನಿಯರ ಎದುರಿನಲ್ಲೇ ಹೇಳಿ. ಮದ್ರಸಾದ ಉಸ್ತಾದರು ತಹಾರತ್‌ನ ಪಾಠದಲ್ಲೇ ಇದನ್ನೂ ಸೇರಿಸಿದರೆ ಎಷ್ಟೋ ಮನೆಗಳಿಗೆ ಉಪಕಾರ. ನಾಯಿಗೆ ಕಲ್ಲೆಸೆಯುವುದು, ಮರಿ ಹಾಕಿದ ನಾಯಿಯ ಹತ್ತಿರ ಹೋಗುವುದು, ಹೆದರಿ ಓಡುವುದು, ಮೂರೂ ಬೇಡವೆಂದು ಕಲಿಸಿ.

ಕಚ್ಚಿದರೆ ಹದಿನೈದು ನಿಮಿಷ ಸಾಬೂನು ನೀರು. ಅರಿಶಿನ, ಖಾರದ ಪುಡಿ, ಸುಣ್ಣ, ಕಾಫಿಪುಡಿ, ಎಣ್ಣೆ ಯಾವುದೂ ಬೇಡ. ಅದೇ ದಿನ ಆಸ್ಪತ್ರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಲಸಿಕೆ ಉಚಿತ. ಚರ್ಮಕ್ಕೆ ಕೊಡುವ ಕ್ರಮದಲ್ಲಿ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ರಕ್ತ ಬಂದಿದ್ದರೆ ಗಾಯದ ಸುತ್ತ ಸೀರಮ್ ಕೂಡ ಬೇಕು, ಕೇಳಿ ಹಾಕಿಸಿಕೊಳ್ಳಿ. ಹೊಕ್ಕುಳ ಸುತ್ತ 14 ಸೂಜಿಯ ಕಾಲ ಎರಡು ದಶಕಗಳ ಹಿಂದೆಯೇ ಮುಗಿದಿದೆ. ಗರ್ಭಿಣಿಯರಿಗೂ ಹಾಲುಣಿಸುವವರಿಗೂ ಲಸಿಕೆ ಸುರಕ್ಷಿತ. ರೋಝಾ ಇದ್ದರೂ ತಡಮಾಡಬೇಡಿ. ಪೋಷಣೆ ನೀಡದ ಚುಚ್ಚುಮದ್ದಿನಿಂದ ರೋಝಾ ಮುರಿಯುವುದಿಲ್ಲವೆಂಬುದು ಹೆಚ್ಚಿನ ಉಲಮಾಗಳ ಅಭಿಪ್ರಾಯ. ರೋಗ ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ, ಕೆಲವೊಮ್ಮೆ ವರ್ಷದ ಬಳಿಕವೂ ಕಾಣಿಸಿಕೊಳ್ಳುತ್ತದೆ. ಗಾಯ ಮಾಯಿತೆಂದು ಉಳಿದ ಡೋಸ್ ಬಿಡಬೇಡಿ. ಕಚ್ಚಿದ್ದು ಮರಿಯಾದರೂ, ಸಾಕಿದ ನಾಯಿಯಾದರೂ ನಿಯಮ ಒಂದೇ. ಕರ್ನಾಟಕ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಮನುಷ್ಯರಿಗೆ ಬರುವ ರೇಬಿಸ್ ಅನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿದೆ. ಆಸ್ಪತ್ರೆಯ ನಿಯಮ ಅಷ್ಟು ಬಿಗಿಯಾಗಿರುವಾಗ ಮನೆಯಲ್ಲಿ ಮುಚ್ಚಿಡುವುದು ಸರಿಯಲ್ಲ.

ಕೊನೆಗೆ ಆ ಹುಡುಗನ ಸುದ್ದಿ. 28ನೇ ದಿನದ ಸೂಜಿ ಮುಗಿಸಿ ತಾಯಿಯ ಜೊತೆ ಚೀಟಿ ತೋರಿಸಲು ಬಂದಿದ್ದ. ಅಲ್‌ಹಮ್ದುಲಿಲ್ಲಾಹ್, ಚೆನ್ನಾಗಿದ್ದಾನೆ. ಈ ಸಲ ಅವನ ದಾದಿಯೂ ಬಂದಿದ್ದರು. "ನಾನು ಬೈಯದಿದ್ದರೆ ಮೊದಲ ದಿನವೇ ಹೇಳುತ್ತಿದ್ದ" ಎಂದು ಕಣ್ಣೊರೆಸಿಕೊಂಡರು. ನಮ್ಮ ಗಲ್ಲಿಯ ನಾಯಿಗಳಿಗೂ ಸೂಜಿ ಹಾಕಿಸಬಹುದೇ ಎಂದು ಹುಡುಗ ಕೇಳಿದ. ಪಾಲಿಕೆಯ 1533 ಸಹಾಯವಾಣಿಗೆ ಅಲ್ಲೇ ಫೋನ್ ಹಚ್ಚಿ, ಬೀದಿಯ ಹೆಸರನ್ನು ಅವನಿಂದಲೇ ಹೇಳಿಸಿದೆ.

ಅಲ್ಲಾಹನು ನಮ್ಮ ಮಕ್ಕಳನ್ನು ಕಾಪಾಡಲಿ, ನಮ್ಮ ಬೀದಿಯ ಮೂಕಜೀವಿಗಳ ಹಕ್ಕನ್ನೂ ಸಲ್ಲಿಸುವ ತೌಫೀಕ್ ನೀಡಲಿ. ಆಮೀನ್.